ಗಾಳಿಗೆ ಬೆನ್ನು ಹಾಕಿದ ಹಕ್ಕಿ

ಗಾಳಿಯಣ್ಣನಿಗೆ ಆ ಹೆಸರು ಬಿದ್ದದ್ದು ಹಡಗಿನಲ್ಲಿ. ಮೂವತ್ತೊಂದು ವರ್ಷ ಸರಕು ಹಡಗುಗಳ ಡೆಕ್ಕಿನ ಮೇಲೆ ದುಡಿದವನು ಅವನು. ಹಗ್ಗ ಕಟ್ಟುವುದು, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ಅಲ್ಲಿ ಎಲ್ಲರಿಗೂ ಬರುತ್ತಿತ್ತು. ಆದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ, ಇನ್ನರ್ಧ ಗಂಟೆಯಲ್ಲಿ ಯಾವ ಕಡೆಗೆ ತಿರುಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವನು ಅವನೊಬ್ಬನೇ. ಕ್ಯಾಪ್ಟನ್ ಯಂತ್ರ ನೋಡಿ ಹೇಳುವ ಮೊದಲೇ ಇವನು ಕಿವಿಯ ಹಿಂಬದಿ ತುರಿಸಿಕೊಂಡು ಹೇಳಿಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ತಪ್ಪಿದ ಆ ಒಂದು ಸಲದ ವಿಷಯವನ್ನು ಅವನು ಎಂದೂ ಎತ್ತುತ್ತಿರಲಿಲ್ಲ. ಯಾರಾದರೂ ಎತ್ತಿದರೆ ಅವರ ಜೊತೆ ಎರಡು ದಿನ ಮಾತು ಬಿಡುತ್ತಿದ್ದ.

ಅಂಥವನು ಅರವತ್ತಕ್ಕೆ ಸರಿಯಾಗಿ ಒದ್ದೆ ಏಣಿಯ ನಾಲ್ಕನೇ ಮೆಟ್ಟಿಲಿನಿಂದ ಜಾರಿ ಬಿದ್ದು ಬಲ ಮಂಡಿ ಮುರಿದುಕೊಂಡ. ಕಂಪನಿ ಒಂದು ಕೈಗಡಿಯಾರ ಕೊಟ್ಟು, ಕೈ ಕುಲುಕಿ, ಮನೆಗೆ ಕಳಿಸಿತು.

ಮನೆ ಎಂದರೆ ಅವನು ವರ್ಷಕ್ಕೆ ಎರಡು ತಿಂಗಳು ನೆಂಟನ ಹಾಗೆ ಬಂದು ಹೋಗುತ್ತಿದ್ದ ಜಾಗ. ಅಲ್ಲಿ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಮಕ್ಕಳ ಸಮವಸ್ತ್ರ ಹೊಲಿಯುತ್ತಾ ತನ್ನದೇ ಆದ ಒಂದು ರಾಜ್ಯ ಕಟ್ಟಿಕೊಂಡಿದ್ದಳು. ಗಾಳಿಯಣ್ಣ ಕುಂಟುತ್ತಾ ಬಂದು ಆ ರಾಜ್ಯದ ಮೇಲೆ ದಂಡೆತ್ತಿದ. ಅಡುಗೆಮನೆಯ ಡಬ್ಬಿಗಳನ್ನೆಲ್ಲ, ಉರುಳಬಾರದೆಂದು, ಸಾಲಾಗಿ ಹಗ್ಗ ಹಾಕಿ ಬಿಗಿದ. ಚಿಟಿಕೆ ಉಪ್ಪು ಬೇಕಾದರೂ ಎರಡು ಗಂಟು ಬಿಚ್ಚಬೇಕು. ಅವಳ ಕತ್ತರಿಗೆ ದಾರ ಕಟ್ಟಿ ಮೇಜಿಗೆ ಮೊಳೆ ಹೊಡೆದ. ಕತ್ತರಿ ಬಟ್ಟೆಯ ಅರ್ಧದವರೆಗೆ ಹೋಗಿ ನಿಲ್ಲುತ್ತಿತ್ತು.

"ಮನೆ ಅಲ್ಲಾಡಲ್ಲ ರೀ," ಎಂದಳು ಹೆಂಡತಿ, ಮೊಳೆ ಕೀಳುತ್ತಾ. "ಇಷ್ಟು ವರ್ಷದಿಂದ ಇದೇ ಜಾಗದಲ್ಲಿದೆ. ನಾನು ನೋಡ್ತಾನೇ ಇದ್ದೀನಿ."

ಅವನ ಸಂಕಟ ಡಬ್ಬಿಯದಾಗಲಿ ಕತ್ತರಿಯದಾಗಲಿ ಆಗಿರಲಿಲ್ಲ. ದಡದಲ್ಲಿ ಗಾಳಿಯ ವಿಷಯ ಯಾರೂ ಕೇಳುವುದಿಲ್ಲ. ಬೀದಿಯ ಜನಕ್ಕೆ ಗಾಳಿ ಎಂದರೆ ಒಣಹಾಕಿದ ಬಟ್ಟೆ ಹಾರಿಸಿಕೊಂಡು ಹೋಗುವ ಪೀಡೆ, ಅಷ್ಟೇ. ಜೀವಮಾನವೆಲ್ಲ ಕೂಡಿಟ್ಟ ಒಂದೇ ಒಂದು ವಿದ್ಯೆ ಹೀಗೆ ಯಾರಿಗೂ ಬೇಡವಾದದ್ದು ಅವನಿಗೆ ಮಂಡಿಗಿಂತ ಹೆಚ್ಚು ನೋಯುತ್ತಿತ್ತು. ಹೆಂಡತಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅವಳು ಮಗಳ ಕಿವಿ ಕಚ್ಚಿದಳು: "ನಿಮ್ಮಪ್ಪನ್ನ ಹಗಲು ಹೊತ್ತು ಎಲ್ಲಾದ್ರೂ ಕೂರಿಸು ತಾಯಿ. ಇಲ್ದಿದ್ರೆ ನಾಳೆ ನನ್ನನ್ನೂ ಯಾವುದಾದ್ರೂ ಕಂಬಕ್ಕೆ ಕಟ್ತಾರೆ."

ಮಗಳು ಕೆಲಸ ಮಾಡುವುದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಚಿತ್ರಗಳನ್ನು ಮಾರುವ ಒಂದು ಗ್ಯಾಲರಿಯ ಆಹ್ವಾನಪತ್ರಗಳು ಅಲ್ಲೇ ಅಚ್ಚಾಗುತ್ತಿದ್ದವು. ಗ್ಯಾಲರಿಗೆ ಒಬ್ಬ ಕಾವಲಿನವನು ಬೇಕಿದ್ದ. ಹೀಗಾಗಿ ಗಾಳಿಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಬಿಳಿ ಕೋಣೆಗಳ ನಡುವೆ ಇಟ್ಟ ಒಂದು ಮರದ ಕುರ್ಚಿಯ ಮೇಲೆ ಕುಳಿತುಕೊಳ್ಳುವ ಉದ್ಯೋಗಕ್ಕೆ ಸೇರಿದ.

ಗ್ಯಾಲರಿಯ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೊದಲ ದಿನವೇ ಅವರು ಮೂರು ಮಾತು ಹೇಳಿದರು. ಚಿತ್ರಗಳನ್ನು ಯಾರೂ ಮುಟ್ಟಬಾರದು. ಒದ್ದೆ ಕೊಡೆ ಒಳಗೆ ಬರಬಾರದು. ಮತ್ತೆ, ಚಿತ್ರದ ವಿಷಯವಾಗಿ ಕಾವಲಿನವರು ಬಾಯಿ ಬಿಡಬಾರದು.

ಮೂರನೆಯದು ಮೊದಮೊದಲು ಕಷ್ಟವೇ ಆಗಲಿಲ್ಲ. ಆಗ ಗೋಡೆಯ ಮೇಲಿದ್ದವೆಲ್ಲ ಬರೀ ವೃತ್ತ, ಚೌಕ, ಒಂದು ಮೂಲೆಯಲ್ಲಿ ಹಳದಿ ಗೆರೆ. ಅವುಗಳ ಬಗ್ಗೆ ಬಾಯಿ ಬಿಡಲು ಅವನ ಹತ್ತಿರ ಏನೂ ಇರಲಿಲ್ಲ. ಐದು ತಿಂಗಳು ಹಾಯಾಗಿ ಕಳೆದವು. ಆಮೇಲೆ ಹಕ್ಕಿ ಬಂತು.

ಮೊಳದುದ್ದದ ಎಣ್ಣೆಬಣ್ಣದ ಚಿತ್ರ. ಬಂದರಿನ ಕಲ್ಲುಕಟ್ಟೆಯ ಮೇಲೆ ಒಂದು ಕಡಲಹಕ್ಕಿ ನಿಂತಿದೆ: ಬಿಳಿ ಎದೆ, ಬೂದಿಬಣ್ಣದ ರೆಕ್ಕೆ, ಹಳದಿ ಕೊಕ್ಕು. ಹಿಂದೆ ದೂರದಲ್ಲಿ ಒಂದು ದೋಣಿ, ಅದರ ಕಂಬದ ತುದಿಯಲ್ಲಿ ಪಟಪಟಿಸುವ ಕೆಂಪು ಬಾವುಟ. ಎಡ ಅಂಚಿನುದ್ದಕ್ಕೂ ಹೆಬ್ಬೆರಳಗಲದ ಒಂದು ಕಂದು ಪಟ್ಟಿ. ಬರೆದವಳು ಹೆಸರಾಂತವಳಲ್ಲ; ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ತೂಗುವ ಕಟ್ಟೆಯ ಗುಮಾಸ್ತೆ, ನಲವತ್ತಮೂರು ವರ್ಷದವಳು. ಹಳೇ ಹೊದಿಕೆಯಲ್ಲಿ ಸುತ್ತಿ ತಂದಿದ್ದ ಚಿತ್ರವನ್ನು ಮೇಡಂ ಕೈಗೆ ಕೊಟ್ಟು, ಅದನ್ನು ಗೋಡೆಗೆ ಹಾಕುವುದನ್ನೂ ನೋಡದೆ, ಕೆಲಸಕ್ಕೆ ಹೊತ್ತಾಯಿತೆಂದು ಓಡಿದ್ದಳು.

ಆ ಗ್ಯಾಲರಿಯಲ್ಲಿ ಒಂದು ಪದ್ಧತಿ ಇತ್ತು. ಹೊಸಬರದು ಒಂದೇ ಚಿತ್ರ, ಒಂದೇ ತಿಂಗಳು. ಅಷ್ಟರಲ್ಲಿ ಅದು ಮಾರಿಹೋದರೆ, ಚಳಿಗಾಲದ ಪ್ರದರ್ಶನದಲ್ಲಿ ಅವರಿಗೊಂದು ಪೂರ್ತಿ ಗೋಡೆ. ಹೋಗದಿದ್ದರೆ ಚಿತ್ರ ವಾಪಸ್, ಮತ್ತೆ ತರುವ ಹಾಗಿಲ್ಲ. ಹದಿನೈದು ವರ್ಷ ಮನೆಯ ಮಂಚದಡಿ ಚಿತ್ರ ಪೇರಿಸಿಟ್ಟುಕೊಂಡು, ಕಡೆಗೆ ಧೈರ್ಯ ಮಾಡಿ ಒಂದನ್ನು ಹೊರಗೆ ತಂದವಳಿಗೆ ಸಿಕ್ಕಿದ್ದು ಆ ಮೂವತ್ತು ದಿನ.

ಗಾಳಿಯಣ್ಣನಿಗೆ ಚಿತ್ರ ನೋಡಿ ಮೊದಲು ಜೀವ ಬಂದ ಹಾಗಾಯಿತು. ಅಂತೂ ತನಗೆ ಗೊತ್ತಿರುವುದೊಂದು ಗೋಡೆಗೆ ಬಂತು! ಮರುಗಳಿಗೆಯಲ್ಲೇ ಅದರ ತಪ್ಪೂ ಕಣ್ಣಿಗೆ ಹೊಡೆಯಿತು. ಬಾಯಿಗೆ ಬೀಗ ಹಾಕಿಕೊಂಡು ಒಂಬತ್ತು ದಿನ ಕುಳಿತ. ಕೂತಲ್ಲೇ ಹೊರಳಾಡಿದ. ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡರೂ ತಪ್ಪು ಬೆನ್ನಿಗೆ ಚುಚ್ಚುತ್ತಿತ್ತು.

ಹತ್ತನೇ ದಿನ ಹಲ್ಲಿನ ಡಾಕ್ಟರು ಬಂದರು. ಎರಡು ಬೀದಿ ಆಚೆ ಅವರ ದವಾಖಾನೆ. ಕಾಯುವ ಕೋಣೆಗೆ ಒಂದು ಚಿತ್ರ ಹುಡುಕುತ್ತಿದ್ದರು. ವೃತ್ತ ಚೌಕಗಳನ್ನೆಲ್ಲ ದಾಟಿ ಬಂದು ಹಕ್ಕಿಯ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಜೇಬಿನಿಂದ ಪೆನ್ನನ್ನೂ ತೆಗೆದರು.

"ಎಷ್ಟು ನೆಮ್ಮದಿಯಾಗಿ ನಿಂತಿದೆ ನೋಡಿ," ಎಂದರು, ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಗಾಳಿಯಣ್ಣನಿಗೇ. "ನನ್ನ ಹತ್ರ ಬರೋರೆಲ್ಲ ಹೆದರ್ಕೊಂಡೇ ಕೂತಿರ್ತಾರೆ. ಇದನ್ನ ನೋಡ್ತಾ ಕೂತ್ರೆ ಸ್ವಲ್ಪ ಸಮಾಧಾನ ಆಗುತ್ತೆ. ಏನಂತೀರಿ?"

ಏನಂತೀರಿ ಎಂದು ಅವನನ್ನು ಯಾರಾದರೂ ಕೇಳಿ ಎರಡು ವರ್ಷವಾಗಿತ್ತು.

"ಅದು ಹಾಗೆ ನಿಲ್ಲಲ್ಲ ಸಾರ್," ಎಂದ.

"ಅಂದ್ರೆ?"

"ಬಾವುಟ ನೋಡಿ. ಬಲಗಡೆಗೆ ಹಾರ್ತಿದೆ. ಅಂದ್ರೆ ಗಾಳಿ ಎಡಗಡೆಯಿಂದ. ಹಕ್ಕಿನೂ ಬಲಕ್ಕೇ ಮುಖ ಮಾಡಿದೆ. ಗಾಳಿಗೆ ಬೆನ್ನು ಹಾಕಿದ ಹಾಗಾಯ್ತಲ್ಲ? ಕಡಲಹಕ್ಕಿ ಪ್ರಾಣ ಹೋದ್ರೂ ಗಾಳಿಗೆ ಬೆನ್ನು ಹಾಕಲ್ಲ. ಹಾಕಿದ್ರೆ ಗಾಳಿ ಗರಿಯೊಳಗೆ ನುಗ್ಗಿ, ಕೊಡೆ ಉಲ್ಟಾ ಆದ ಹಾಗೆ ಎಲ್ಲಾ ಎದ್ದು ನಿಲ್ಲುತ್ತೆ. ಇಲ್ಲಿ ಒಂದು ಗರಿ ಎದ್ದಿದ್ರೆ ಹೇಳಿ! ಇಸ್ತ್ರಿ ಹೊಡೆದ ಹಾಗಿದೆ. ಬರೆದೋರು ಹಕ್ಕಿನ ಒಂದು ಕಡೆ ನೋಡಿದ್ದಾರೆ, ಬಾವುಟನ ಇನ್ನೊಂದು ಕಡೆ ನೋಡಿದ್ದಾರೆ, ಎರಡನ್ನೂ ತಂದು ಇಲ್ಲಿ ಅಂಟಿಸಿದ್ದಾರೆ. ಅಷ್ಟೇ ಸಾರ್."

ಡಾಕ್ಟರು ಬಾವುಟ ನೋಡಿದರು, ಹಕ್ಕಿ ನೋಡಿದರು, ಮತ್ತೆ ಬಾವುಟ ನೋಡಿದರು.

"ಅಯ್ಯೋ, ಈಗ ನನಗೂ ಬರೀ ಅದೇ ಕಾಣ್ತಿದೆಯಲ್ರೀ. ಜನ ಗಂಟೆಗಟ್ಲೆ ಕೂತು ನೋಡೋ ಚಿತ್ರ ಇದು. ಇದರಲ್ಲೇ ತಪ್ಪು ಕಂಡ್ರೆ, ಈ ಡಾಕ್ಟ್ರು ಹಲ್ಲೂ ಹೀಗೇ ಕೂರಿಸ್ತಾರೆ ಅಂದ್ಕೋತಾರೆ." ಪೆನ್ನು ಜೇಬಿಗೆ ವಾಪಸ್ ಹೋಯಿತು. ಡಾಕ್ಟರೂ ಹೋದರು.

ಒಳಗಿನ ಮೇಜಿನಿಂದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನಿಮಗೆ ನಾನು ಹೇಳಿದ್ದು ಮೂರೇ ಮೂರು ಮಾತು," ಎಂದರು.

"ಸುಳ್ಳೇನೂ ಹೇಳಲಿಲ್ವಲ್ಲ ಮೇಡಂ."

"ಸುಳ್ಳೋ ನಿಜಾನೋ ಯಾರು ಕೇಳಿದ್ರು? ಅವರು ಪೆನ್ನು ತೆಗೆದಿದ್ರು!"

ಅಂದು ಸಂಜೆ ಗಾಳಿಯಣ್ಣ ಮನೆಗೆ ಹೋದದ್ದು ಎದೆಯುಬ್ಬಿಸಿಕೊಂಡೇ. ನಡೆದದ್ದಕ್ಕೆ ಸ್ವಲ್ಪ ಉಪ್ಪು ಖಾರ ಹಚ್ಚಿ ಹೆಂಡತಿಗೆ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಚಿತ್ರ ಬರೆದ ಹೆಣ್ಣುಮಗಳ ಗತಿ ಏನು?" ಅವನು ಊಟ ಬೇಗ ಮುಗಿಸಿ ಎದ್ದ.

ಅವಳ ಪ್ರಶ್ನೆಗೆ ಉತ್ತರ ಶನಿವಾರ ಸಂಜೆ ತಾನಾಗಿಯೇ ನಡೆದುಕೊಂಡು ಬಂತು. ಗುಮಾಸ್ತೆ ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು. ಕೈಬೆರಳುಗಳು ಇನ್ನೂ ಥಂಡಿಗೆ ಕೆಂಪಗಿದ್ದವು. ಮೇಡಂ ಜೊತೆ ಐದು ನಿಮಿಷ ಮಾತಾಡಿ, ಕುರ್ಚಿಯ ಹತ್ತಿರ ಬಂದು ನಿಂತಳು. ಜಗಳಕ್ಕೆ ಬಂದಳು ಎಂದುಕೊಂಡು ಗಾಳಿಯಣ್ಣ ಸೊಂಟ ಕಟ್ಟಿಕೊಂಡ.

"ಅಣ್ಣಾ, ನೀವು ಹಡಗಲ್ಲಿ ಇದ್ದೋರಂತೆ," ಎಂದಳು. "ಮೇಡಂ ಹೇಳಿದ್ರು. ನಿಮಗೆ ಗೊತ್ತಿಲ್ದೇ ಇರುತ್ತಾ. ನನಗೆ ಏನು ಮಾಡಬೇಕು ಅಂತ ಹೇಳಿ. ಹಕ್ಕಿನ ತಿರುಗಿಸೋಕೆ ಆಗಲ್ಲ, ಅದನ್ನ ಬರೆಯೋಕೆ ನಾಲ್ಕು ತಿಂಗಳು ಹಿಡೀತು. ಬಾವುಟ ತೆಗೆದುಬಿಟ್ರೆ ಸರಿಹೋಗುತ್ತಾ?"

ಸೊಂಟ ಕಟ್ಟಿದವನಿಗೆ ಈಗ ಬಿಚ್ಚಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. "ಹೂಂ," ಎಂದ. "ಬಾವುಟ ಇಲ್ದಿದ್ರೆ ಗಾಳಿ ಯಾವ ಕಡೆ ಅಂತ ಯಾರಿಗೂ ಗೊತ್ತಾಗಲ್ಲ."

"ಹಾಗಿದ್ರೆ ಸೋಮವಾರ ಅರ್ಧ ದಿನ ರಜಾ ಹಾಕಿ ಬರ್ತೀನಿ. ಅವತ್ತು ಗ್ಯಾಲರಿಗೆ ರಜೆ, ಹಿಂದಿನ ಕೋಣೇಲಿ ಕೂತು ಸರಿ ಮಾಡ್ಕೊಳ್ಳಿ ಅಂದಿದ್ದಾರೆ ಮೇಡಂ." ಹೊರಟವಳು ಬಾಗಿಲ ಹತ್ತಿರ ನಿಂತು ಹಿಂತಿರುಗಿದಳು. "ನಾನು ದಿನಾ ಊಟದ ಹೊತ್ತಲ್ಲಿ ಅದನ್ನ ನೋಡ್ತಿದ್ದೆ ಅಣ್ಣಾ. ಹಾಗೇ ನಿಂತಿರ್ತಿತ್ತು ಅಂತ ನೆನಪು. ಇರ್ಲಿ ಬಿಡಿ, ನನ್ನ ಕಣ್ಣೇ ಮೋಸ ಮಾಡಿರಬೇಕು."

ಅವಳು ಬೈದಿದ್ದರೆ ಗಾಳಿಯಣ್ಣ ಆ ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದ. ಆ 'ಇರ್ಲಿ ಬಿಡಿ' ಎಂಬುದು ಭಾನುವಾರವಿಡೀ ಅವನನ್ನು ಕೊರೆಯಿತು. ಸೋಮವಾರ ಬೆಳಗ್ಗೆ ಅವನು ಹೊಲಿಗೆ ಯಂತ್ರದ ಸುತ್ತ ಆರನೇ ಸುತ್ತು ಹಾಕಿದಾಗ ಹೆಂಡತಿ ಪೆಡಲ್ ನಿಲ್ಲಿಸಿದಳು.

"ಎಲ್ಲಾದ್ರೂ ಹೋಗಿ ಬನ್ನಿ."

"ಮಂಜುಗಡ್ಡೆ ಕಾರ್ಖಾನೆ ಕಡೆ ಹೋಗಿಬರ್ತೀನಿ. ಆ ಹಕ್ಕಿ ಯಾವ ಕಡೆ ನಿಲ್ಲುತ್ತೆ ಅಂತ ಒಂದು ಸಲ ನೋಡ್ಕೊಂಡು ಬಂದುಬಿಟ್ರೆ, ನಾನು ಹೇಳಿದ್ದು ಸರಿ ಅಂತ ಅವಳಿಗೂ ಸಮಾಧಾನ."

"ಅವಳಿಗೋ?" ಎಂದಳು ಹೆಂಡತಿ.

ಕಾರ್ಖಾನೆ ಬಂದರಿನ ತುದಿಯಲ್ಲಿತ್ತು. ಹಡಗಿನವನಾಗಿ ಅವನು ಆ ಬಂದರಿಗೆ ನೂರಾರು ಸಲ ಬಂದಿದ್ದ, ಆದರೆ ಯಾವಾಗಲೂ ನೀರಿನ ಕಡೆಯಿಂದ. ಕಾರ್ಖಾನೆಯ ಹಿಂದೆ, ಎರಡಾಳೆತ್ತರದ ಒಂದು ಕಂದು ಗೋಡೆ ಕಲ್ಲುಕಟ್ಟೆಯುದ್ದಕ್ಕೂ ಸಾಗುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತು. ಗೋಡೆಗೆ ಒರಗಿಕೊಂಡು ಏಳೆಂಟು ಹೆಂಗಸರು ಡಬ್ಬಿ ಬಿಚ್ಚಿ ಕುಳಿತಿದ್ದರು. ಅವರಿಂದ ಹತ್ತು ಹೆಜ್ಜೆ ಆಚೆ, ಕಟ್ಟೆಯ ಮೇಲೆ, ನಾಲ್ಕು ಕಡಲಹಕ್ಕಿಗಳು.

ಗಾಳಿಯಣ್ಣ ಮೊದಲು ದೋಣಿಗಳ ಕಡೆ ನೋಡಿದ. ಬಾವುಟಗಳೆಲ್ಲ ಗೋಡೆಯ ಕಡೆಯಿಂದ ನೀರಿನ ಕಡೆಗೆ ಹಾರುತ್ತಿದ್ದವು. ಆಮೇಲೆ ಹಕ್ಕಿಗಳನ್ನು ನೋಡಿದ. ನಾಲ್ಕಕ್ಕೆ ನಾಲ್ಕೂ ನೀರಿನ ಕಡೆಗೇ ಮುಖ ಮಾಡಿ ನಿಂತಿದ್ದವು. ಬಾವುಟದ ಗಾಳಿಗೆ ಬೆನ್ನು ಹಾಕಿ. ಒಂದರ ಗರಿಯೂ ಎದ್ದಿರಲಿಲ್ಲ.

ಅವನು ಅಲ್ಲೇ ಕಲ್ಲಾಗಿ ನಿಂತ.

"ಏನು ಕಳ್ಕೊಂಡ್ರಿ ಮಾವಾ?" ಎಂದಳು ಹೆಂಗಸರಲ್ಲಿ ದಪ್ಪಗಿದ್ದವಳು.

"ಈ ಹಕ್ಕಿಗಳು... ಗಾಳಿಗೆ ಬೆನ್ನು ಹಾಕಿ ನಿಂತಿವೆಯಲ್ಲಮ್ಮ?"

"ಎಲ್ಲಿ ಬೆನ್ನು? ಎದುರಿಗೇ ನಿಂತಿವೆ." ಅವಳು ಡಬ್ಬಿ ಸುತ್ತಿದ್ದ ಕಾಗದದ ಚೂರೊಂದನ್ನು ಹರಿದು ಕೈ ಚಾಚಿ ಬಿಟ್ಟಳು. ಚೂರು ನೀರಿನ ಕಡೆಗೆ ಹೋಗಲಿಲ್ಲ. ನೆಲದಲ್ಲೇ ಸರಸರನೆ ಸರಿದು ವಾಪಸ್ ಬಂದು ಗೋಡೆಯ ಬುಡಕ್ಕೆ ಅಂಟಿಕೊಂಡಿತು. ಅಲ್ಲಿ ಆಗಲೇ ಹಿಂದಿನ ದಿನಗಳ ಕಾಗದ, ದಾರ, ಪುಕ್ಕಗಳ ಒಂದು ಸಾಲೇ ಇತ್ತು. "ಮೇಲೆ ಆ ಕಡೆ ಬೀಸುತ್ತೆ, ಗೋಡೆ ದಾಟಿದ ಮೇಲೆ ಕೆಳಗೆ ಬಿದ್ದು ಈ ಕಡೆ ತಿರುಗುತ್ತೆ. ಇಲ್ಲಿ ಏನು ಬಿಸಾಕಿದ್ರೂ ನಮ್ಮ ಕಾಲಿಗೇ ಬರುತ್ತೆ. ಇಲ್ಲಿ ಊಟಕ್ಕೆ ಕೂತೋರಿಗೆಲ್ಲ ಗೊತ್ತು."

ಗಾಳಿಯಣ್ಣ ಮಂಡಿನೋವನ್ನೂ ಮರೆತು ಬಗ್ಗಿ, ಅಂಗೈಯನ್ನು ನೆಲದ ಹತ್ತಿರ ಹಿಡಿದ. ತಣ್ಣನೆಯ ಗಾಳಿ ನೀರಿನ ಕಡೆಯಿಂದ ಬಂದು ಬೆರಳುಗಳ ಸಂದಿಯಲ್ಲಿ ಹಾದುಹೋಯಿತು. ಎದ್ದು ನಿಂತು ಕೈ ಮೇಲೆತ್ತಿದ. ಅಲ್ಲಿ ಗಾಳಿ ಎದುರು ದಿಕ್ಕಿನದು. ಮೂವತ್ತೊಂದು ವರ್ಷ ಅವನು ಗಾಳಿ ಓದಿದ್ದು ಗೋಡೆಯಿಲ್ಲದ ಬಯಲು ಕಡಲಿನಲ್ಲಿ. ಗೋಡೆಯ ಬುಡದಲ್ಲಿ ಕೂತು ಉಣ್ಣುವವರ ಗಾಳಿ ಬೇರೆ ಇರಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ. ಚಿತ್ರದ ಎಡ ಅಂಚಿನ ಕಂದು ಪಟ್ಟಿ ಏನೆಂಬುದು ಈಗ ಗೊತ್ತಾಯಿತು. ಅದು ಈ ಗೋಡೆ. ಅವಳು ಗೋಡೆಯನ್ನೂ ಬರೆದಿದ್ದಳು, ಇವನಿಗೆ ಕಂಡಿರಲಿಲ್ಲ.

"ನಮ್ಮ ತೂಕದ ಕಟ್ಟೆಯವಳು ಇದನ್ನೇ ಬರೆದಿದ್ದಾಳೆ," ಎಂದಳು ಇನ್ನೊಬ್ಬಳು. "ಪಾಪ, ಇವತ್ತು ರಜಾ ಹಾಕಿ ಅದನ್ನ ಅಳಿಸೋಕೆ ಹೋಗಿದ್ದಾಳೆ. ಯಾವನೋ ಹಡಗಿನೋನಂತೆ, ತಪ್ಪು ಅಂದನಂತೆ. ತಲೇಲಿ ಏನು ತುಂಬ್ಕೊಂಡಿದ್ದಾನೋ!"

"ಏನೂ ಇಲ್ಲಮ್ಮ," ಎಂದ ಗಾಳಿಯಣ್ಣ. "ಅವನ ತಲೇಲಿ ಏನೂ ಇಲ್ಲ." ಹೇಳಿ, ಕುಂಟುವ ಕಾಲನ್ನು ಎಳೆದುಕೊಂಡು ಹೆಚ್ಚುಕಡಿಮೆ ಓಡಿದ.

ಗ್ಯಾಲರಿಯ ಹಿಂಬಾಗಿಲು ತೆರೆದಿತ್ತು. ಮೇಜಿನ ಮೇಲೆ ಚಿತ್ರ ಮಲಗಿತ್ತು. ಗುಮಾಸ್ತೆ ಕುಂಚ ಒರೆಸುತ್ತಿದ್ದಳು. ಅವನು ಏದುಸಿರು ಬಿಡುತ್ತಾ ಬಗ್ಗಿ ನೋಡಿದ. ದೋಣಿಯ ಕಂಬ ಬೋಳಾಗಿತ್ತು. ಬಾವುಟ ಇದ್ದ ಜಾಗದಲ್ಲಿ ಆಕಾಶ.

"ಅಯ್ಯೋ, ತಂಗೀ!" ಎಂದು ಅವನು ಕೂಗಿದ ರೀತಿಗೆ ಅವಳು ಕುಂಚ ಬೀಳಿಸಿದಳು.

ಮೂವತ್ತೊಂದು ವರ್ಷದಲ್ಲಿ ಕ್ಯಾಪ್ಟನ್ನನ ಮುಂದೆಯೂ ಆಡದ ಮಾತನ್ನು ಅವನು ಬಾಗಿಲಿಗೆ ಒರಗಿಕೊಂಡು ಆಡಿದ. "ನಾನು ತಪ್ಪು ಹೇಳಿದೆ. ನೀನು ನೋಡಿದ್ದೇ ಸರಿ. ಗೋಡೆ ಹತ್ರ ಹೋಗಿದ್ದೆ. ಅಲ್ಲಿ ಗಾಳಿ ತಿರುಗಿ ಬರುತ್ತೆ. ನಾನು ಬಾವುಟ ಒಂದನ್ನೇ ನೋಡಿದ್ದು ತಾಯಿ, ಗೋಡೆ ನೋಡಲೇ ಇಲ್ಲ." ಅಷ್ಟು ವಯಸ್ಸಾದವನು ಅಳಬಾರದು ಎಂದೇನೂ ಇಲ್ಲವಲ್ಲ. ಕಣ್ಣಲ್ಲಿ ನೀರು ಬಂತು. "ಈಗ ಏನು ಮಾಡೋದು? ಅಳಿಸಿಬಿಟ್ಟೆಯಲ್ಲ!"

ಗುಮಾಸ್ತೆ ಒಂದು ಹಳೇ ಬಟ್ಟೆಯ ಚೂರನ್ನು ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದಳು. "ಕೆಳಗಿನದು ಒಣಗಿ ವರ್ಷ ಆಯ್ತು ಅಣ್ಣಾ. ಮೇಲಿನ ಆಕಾಶ ಇನ್ನೂ ಹಸಿ." ಹಸುಗೂಸಿನ ಬಾಯಿ ಒರೆಸುವಷ್ಟು ಹಗುರವಾಗಿ ಬಟ್ಟೆ ಆಡಿಸಿದಳು. ಆಕಾಶ ಬಟ್ಟೆಗೆ ಬಂತು. ಕೆಳಗಿನಿಂದ ಕೆಂಪು ಒಂದಿಷ್ಟು ಇಣುಕಿತು, ಇನ್ನೊಂದಿಷ್ಟು, ಪೂರ್ತಿ ಬಾವುಟ ಎದ್ದು ಬಂತು. ಒಂದು ತುದಿ ಮೊದಲಿಗಿಂತ ತುಸು ಮಾಸಿತ್ತು. ಅಷ್ಟು ಮಾಸಿದ್ದರೇ ಚೆನ್ನ, ಬಿಸಿಲಿಗೆ ಬಿದ್ದ ಬಾವುಟ ತಾನೇ ಎಂದಳು ಅವಳು. ಆಮೇಲೆ ಕೈ ಒರೆಸಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು.

ಬಾವುಟ ಬಂತು. ಆದರೆ ಹೋದ ಡಾಕ್ಟರು ಬರಲಿಲ್ಲ. ತಿಂಗಳಿನಲ್ಲಿ ಉಳಿದದ್ದು ಎರಡೇ ವಾರ.

"ಬಾಯಿ ಬಿಟ್ಟು ಕೆಡಿಸಿದ್ರಿ," ಎಂದಳು ಹೆಂಡತಿ ಆ ಸಂಜೆ, ಎಲ್ಲವನ್ನೂ ಕೇಳಿ. "ಬಾಯಿ ಬಿಟ್ಟೇ ಸರಿ ಮಾಡಿ. ಡಾಕ್ಟ್ರು ಎಲ್ಲಿರ್ತಾರೆ ಅಂತ ಗೊತ್ತಿದೆಯಲ್ಲ."

ಮಂಗಳವಾರ ಬೆಳಗ್ಗೆ ಗಾಳಿಯಣ್ಣ ದವಾಖಾನೆಗೆ ಹೋದ. ಚೀಟಿ ಮಾಡಿಸದೆ ಡಾಕ್ಟರನ್ನು ನೋಡುವಂತಿರಲಿಲ್ಲ. ಚೀಟಿ ಬರೆಯುವ ಹುಡುಗಿ ಏನು ತೊಂದರೆ ಎಂದು ಕೇಳಿದಾಗ, "ಬಾಯಿಂದಲೇ ತೊಂದರೆ," ಎಂದ. ಅವಳು ಹಾಗೆಯೇ ಬರೆದುಕೊಂಡಳು. ಬೋಳು ಗೋಡೆಯ ಮುಂದೆ ಒಂದು ಗಂಟೆ ಕಾದ ಮೇಲೆ ಅವನನ್ನು ಒಳಗೆ ಕರೆದು, ಎತ್ತರದ ಕುರ್ಚಿಯಲ್ಲಿ ಮಲಗಿಸಿ, ಮುಖಕ್ಕೆ ದೀಪ ಹಾಕಿದರು. ಅವನು ಮಾತು ತೆಗೆಯುವಷ್ಟರಲ್ಲಿ ಡಾಕ್ಟರು ಕನ್ನಡಿಯ ಕಡ್ಡಿಯನ್ನು ಬಾಯೊಳಗೆ ಹಾಕಿದ್ದರು.

"ಅಕ್ಕಿ ವಿಷಯ," ಎಂದ ಗಾಳಿಯಣ್ಣ ತೆರೆದ ಬಾಯಲ್ಲಿ.

"ಅಕ್ಕಿ ಸಿಕ್ಕಿಹಾಕಿಕೊಂಡಿದೆಯಾ? ಎಲ್ಲಿ?"

ಅವನು ಡಾಕ್ಟರ ಕೈ ಹಿಡಿದು ಮೆಲ್ಲಗೆ ಕಡ್ಡಿ ಹೊರಗೆ ತೆಗೆಸಿ ಎದ್ದು ಕೂತ. ಗೋಡೆ, ಕಾಗದದ ಚೂರು, ತಿರುಗಿ ಬರುವ ಗಾಳಿ ಎಲ್ಲವನ್ನೂ ಹೇಳಿದ. ಡಾಕ್ಟರು ಕೈಕಟ್ಟಿಕೊಂಡು ಕೇಳಿದರು.

"ಅವತ್ತು ನೀವು ಇಷ್ಟೇ ಖಡಾಖಂಡಿತವಾಗಿ ಹೇಳಿದ್ರಿ, ತಪ್ಪು ಅಂತ," ಎಂದರು. "ಇವತ್ತು ಅಷ್ಟೇ ಖಡಾಖಂಡಿತವಾಗಿ ಹೇಳ್ತೀರಿ, ಸರಿ ಅಂತ. ನಾನು ಯಾರ ಮಾತು ನಂಬಲಿ? ಎರಡೂ ನಿಮ್ಮದೇ."

ಈ ಏಟು ಅವನು ಎಣಿಸಿದ್ದಲ್ಲ. ಗಾಳಿಯ ವಿಷಯದಲ್ಲಿ ತನ್ನ ಮಾತು ನಂಬಿ ಎಂದು ಅವನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದನೋ. ಅದನ್ನೇ ಈಗಲೂ ಹೇಳಲು ನಾಲಿಗೆ ಮುಂದೆ ಬಂತು. ನುಂಗಿಕೊಂಡ.

"ನನ್ನ ಮಾತು ನಂಬಬೇಡಿ ಸಾರ್," ಎಂದ. "ನಿಮ್ಮ ಊಟದ ಹೊತ್ತಲ್ಲಿ ಬಂದು ನೀವೇ ನೋಡಿ. ಅಲ್ಲಿ ನೋಡಿದ ಮೇಲೂ ಬೇಡ ಅನ್ನಿಸಿದ್ರೆ, ನಾನು ಮತ್ತೆ ಕೇಳಲ್ಲ."

ಡಾಕ್ಟರು ಗಡಿಯಾರ ನೋಡಿದರು. "ನಾಳೆ ಒಂದೂವರೆಗೆ. ಮೊದ್ಲು ಬಾಯಿ ತೆಗೀರಿ. ಬಲಗಡೆ ದವಡೆ ಹಲ್ಲು ಹುಳುಕು ಹಿಡಿದಿದೆ."

ಬುಧವಾರ ಬಿಳಿ ಕೋಟು ತೊಟ್ಟ ಡಾಕ್ಟರೊಬ್ಬರು ಕಾರ್ಖಾನೆಯ ಹಿಂದಿನ ಕಟ್ಟೆಗೆ ಬಂದಾಗ, ಯಾರಿಗೋ ಏನೋ ಆಗಿದೆ ಎಂದು ಹೆಂಗಸರೆಲ್ಲ ಎದ್ದು ನಿಂತರು. ಗುಮಾಸ್ತೆಯೂ ಎದ್ದಳು. ಡಾಕ್ಟರನ್ನು ಅವಳು ಕಂಡಿರಲಿಲ್ಲ. ಹಿಂದೆ ಕುಂಟುತ್ತಾ ಬರುತ್ತಿದ್ದ ಗಾಳಿಯಣ್ಣನನ್ನು ಕಂಡಾಗ ಯಾರು ಬಂದಿರಬಹುದೆಂದು ತಿಳಿದು, ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ನಿಂತಳು.

ಗಾಳಿಯಣ್ಣ ಒಂದು ಮಾತೂ ಆಡಲಿಲ್ಲ. ಹತ್ತು ಹೆಜ್ಜೆ ದೂರದಲ್ಲೇ ನಿಂತ. ಡಾಕ್ಟರು ಬಾವುಟಗಳ ಕಡೆ ನೋಡಿದರು. ಹಕ್ಕಿಗಳನ್ನು ಎಣಿಸಿದರು. ಜೇಬಿನಿಂದ ಕರವಸ್ತ್ರ ತೆಗೆದು ಮೊದಲು ತಲೆಯ ಮೇಲೆ ಎತ್ತಿ ಹಿಡಿದರು. ಅದು ಬಾವುಟದ ಕಡೆಗೇ ಹಾರಿತು. ಆಮೇಲೆ ಬಿಳಿ ಕೋಟಿನ ಪರಿವೆಯಿಲ್ಲದೆ ಕುಕ್ಕರಗಾಲಲ್ಲಿ ಕೂತು ಮಂಡಿಯ ಮಟ್ಟದಲ್ಲಿ ಹಿಡಿದರು. ಕರವಸ್ತ್ರ ತಿರುಗಿ ಬಂದು ಅವರ ಮುಖಕ್ಕೇ ಹೊಡೆಯಿತು.

ಡಾಕ್ಟರು ಜೋರಾಗಿ ನಕ್ಕರು. ಮತ್ತೆ ಎತ್ತಿ ಹಿಡಿದರು, ಮತ್ತೆ ಇಳಿಸಿದರು, ಮತ್ತೆ ನಕ್ಕರು. ಹೆಂಗಸರೂ ನಗತೊಡಗಿದರು.

"ಅದಕ್ಕೇ ಅದು ಅಷ್ಟು ನೆಮ್ಮದಿಯಾಗಿ ನಿಂತಿದ್ದು," ಎಂದರು ಎದ್ದು. "ಮೇಲೆ ಏನೇ ಬೀಸ್ಲಿ, ಅದು ತನ್ನ ಗಾಳಿಗೆ ಸರಿಯಾಗಿಯೇ ನಿಂತಿದೆ. ನೀವಾ ಬರೆದಿದ್ದು? ಇವುಗಳಲ್ಲಿ ಯಾವುದು ಆ ಹಕ್ಕಿ?"

"ಅದು ಇವತ್ತು ಬಂದಿಲ್ಲ ಸಾರ್," ಎಂದಳು ಗುಮಾಸ್ತೆ.

"ಪರವಾಗಿಲ್ಲ. ನಾಳೆಯಿಂದ ನನ್ನ ಕಾಯೋ ಕೋಣೇಲಿ ಇರುತ್ತೆ. ಇವತ್ತೇ ಗ್ಯಾಲರಿಗೆ ಹೋಗಿ ಹೇಳಿಬಿಡ್ತೀನಿ."

ಗುಮಾಸ್ತೆ ಗೋಡೆಗೆ ಬೆನ್ನು ಕೊಟ್ಟು ಹಾಗೇ ಕೆಳಗೆ ಕುಳಿತುಬಿಟ್ಟಳು. ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಳು. ದಪ್ಪಗಿನವಳು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಅಳ್ತೀಯೇನೇ ಹುಚ್ಚೀ," ಎನ್ನುತ್ತಾ ತಾನೂ ಅತ್ತಳು. ಗಾಳಿಯಣ್ಣನಿಗೆ ಆ ಹೊತ್ತಿನಲ್ಲಿ ಆದ ಸಂತೋಷಕ್ಕೆ, ಹಡಗಿನಲ್ಲಿ ಗಾಳಿ ಹೇಳಿ ಗೆದ್ದ ಅಷ್ಟೂ ಸಲದ ಸಂತೋಷವನ್ನು ಕೂಡಿಸಿದರೂ ಸಾಟಿಯಾಗುತ್ತಿರಲಿಲ್ಲ. ಇದನ್ನು ಅವನೇ ಆಮೇಲೆ ಹೆಂಡತಿಗೆ ಹೇಳಿದ. ಈ ಸಲ ಉಪ್ಪು ಖಾರ ಏನನ್ನೂ ಹಚ್ಚಲಿಲ್ಲ.

ಚಳಿಗಾಲದ ಪ್ರದರ್ಶನದಲ್ಲಿ ಗುಮಾಸ್ತೆಗೆ ಒಂದು ಪೂರ್ತಿ ಗೋಡೆ ಸಿಕ್ಕಿತು. ಮಂಚದಡಿಯಿಂದ ಎದ್ದು ಬಂದ ನಾಲ್ಕು ಚಿತ್ರಗಳು: ಮಂಜುಗಡ್ಡೆ ತೂಗುವ ತಕ್ಕಡಿ, ಊಟದ ಡಬ್ಬಿಗಳು, ಒದ್ದೆ ಕೈಗವಸು, ಕಟ್ಟೆಗೆ ಕಟ್ಟಿದ ಒಂದು ದೋಣಿಯ ಹಗ್ಗ. ಮೊದಲ ಸಂಜೆ ಎರಡೂ ಕೋಣೆ ತುಂಬಿ ಜನ. ಹಗ್ಗದ ಚಿತ್ರದ ಮುಂದೆ ನಿಂತ ಒಬ್ಬ ಹೆಂಗಸು ಕುರ್ಚಿಯ ಕಡೆ ತಿರುಗಿ ಕೇಳಿದಳು, "ನೀವು ಹಡಗಲ್ಲಿ ಇದ್ದೋರಂತೆ. ಹಗ್ಗಕ್ಕೆ ಹೀಗೂ ಗಂಟು ಹಾಕ್ತಾರಾ?"

ಗಾಳಿಯಣ್ಣ ನೋಡಿದ. ಅಂಥ ಗಂಟನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ. ಆ ಗಂಟು ಹಾಕಿದರೆ ದೋಣಿ ಬೆಳಗಾಗುವುದರೊಳಗೆ ಬಿಚ್ಚಿಕೊಂಡು ಹೋಗುತ್ತದೆ ಎಂದು ಅವನಿಗೆ ಅನಿಸಿತು. ಕಿವಿಯ ಹಿಂಬದಿ ತುರಿಸಿತು, ನಾಲಿಗೆಯೂ ತುರಿಸಿತು.

"ನನಗೆ ಗೊತ್ತಿಲ್ಲಮ್ಮ," ಎಂದ. "ನೋಡಿ ಬರೆದೋರು ಇಲ್ಲೇ ಇದ್ದಾರೆ. ಇರಿ, ಕರೀತೀನಿ."

ಜನರ ನಡುವೆ ಹೊಸ ಬಟ್ಟೆ ತೊಟ್ಟು ನಿಂತಿದ್ದ ಅವಳನ್ನು ಅವನು "ತಂಗೀ" ಎಂದು ಕೂಗಿ ಕರೆದ. ಅವಳು ಬಂದು, ಆ ಗಂಟು ಯಾರದು, ಯಾಕೆ ಹಾಗಿದೆ ಎಂದು ಮೊದಲಿನಿಂದ ಹೇಳತೊಡಗಿದಳು. ಗಾಳಿಯಣ್ಣ ಎಲ್ಲರಿಗಿಂತ ಮುಂದೆ ನಿಂತು ಕೇಳಿಸಿಕೊಂಡ.